ತೂಕ ಇಳೀತಾ ಇದೆಯಲ್ಲ, ಮತ್ತೆ ಡಾಕ್ಟರ್ ಹತ್ರ ಯಾಕೆ?

2025ರ ಆಗಸ್ಟ್‌ನಲ್ಲಿ ಒಂದು ಬೆಳಗ್ಗೆ ಅಡುಗೆಮನೆಯಲ್ಲಿ ನಿಂತಿದ್ದಾಗ ನನಗೆ ಕಣ್ಣು ಕತ್ತಲೆ ಬಂತು. ಮೈಯೆಲ್ಲ ಬೆವರು, ಕೈ ನಡುಕ. ಮಗಳು ಗ್ಲೂಕೋಮೀಟರ್ ತಂದು ನೋಡಿದರೆ ಶುಗರ್ 58. 70ಕ್ಕಿಂತ ಕೆಳಗೆ ಹೋಗಲೇಬಾರದು. ಅವಳು ಮನೆಯಲ್ಲಿದ್ದಳು, ಸಕ್ಕರೆ ನೀರು ಕುಡಿಸಿದಳು.

ಆ ಹೊತ್ತಿಗೆ ನಾನು ತೂಕ ಇಳಿಸುವ ಇಂಜೆಕ್ಷನ್ ಶುರು ಮಾಡಿ ಎರಡು ತಿಂಗಳಾಗಿತ್ತು. ಟಿರ್ಜೆಪಟೈಡ್, ಅದೇ ವರ್ಷ ಮಾರ್ಚ್‌ನಲ್ಲಿ ನಮ್ಮ ದೇಶಕ್ಕೆ ಬಂದದ್ದು. ವಾರಕ್ಕೊಮ್ಮೆ ಹೊಟ್ಟೆಗೆ ಚುಚ್ಚಿಕೊಳ್ಳಬೇಕು. ಐದು ಕಿಲೋ ಇಳಿದಿತ್ತು, ಖುಷಿಯಲ್ಲಿದ್ದೆ. ನಾಲ್ಕು ವಾರಕ್ಕೊಮ್ಮೆ ಬನ್ನಿ ಅಂದಿದ್ದರು. ಒಂದು ಸಲ ಹೋದೆ, ಎರಡನೇ ಸಲ ಹೋಗಲಿಲ್ಲ. ಎಲ್ಲ ಸರಿಯಾಗೇ ಇದೆ, ಅರ್ಧ ದಿನ ರಜೆ ಹಾಕಿ ಹರಿಹರದಿಂದ ದಾವಣಗೆರೆಗೆ ಸುಮ್ನೆ ಯಾಕೆ ಹೋಗಲಿ ಅನ್ನಿಸಿತ್ತು.

ಶುಗರ್‌ಗೆ ಮೊದಲಿನಿಂದ ಗ್ಲಿಮೆಪಿರೈಡ್ ಮಾತ್ರೆ ತಗೋತಿದ್ದೆ. ನಾವು ಊಟ ಕಡಿಮೆ ಮಾಡಿದೆವು ಅಂತ ಅದು ತನ್ನ ಕೆಲಸ ಕಡಿಮೆ ಮಾಡುವುದಿಲ್ಲ, ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ನಾನೋ, ಇಂಜೆಕ್ಷನ್‌ನಿಂದ ಹಸಿವು ಕಡಿಮೆಯಾಗಿ ಅರ್ಧ ಮುದ್ದೆಗೇ ಸಾಕು ಅನ್ನುತ್ತಿದ್ದೆ. ಡಾಕ್ಟರು ಶುರುವಿನಲ್ಲೇ ಆ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದ್ದರು. ಉಳಿದ ಅರ್ಧ ನಿಲ್ಲಬೇಕಾಗಿದ್ದು ನಾನು ಹೋಗದೆ ಬಿಟ್ಟ ಆ ದಿನ.

ತೂಕ ನೋಡಿಕೊಳ್ಳುವುದಕ್ಕೆ ಡಾಕ್ಟರ್ ಬೇಕಿಲ್ಲ, ಮಶೀನು ಮನೆಯಲ್ಲೇ ಇದೆ. ತೂಕ ಇಳಿದಾಗ ದೇಹ ಬದಲಾಗುತ್ತದೆ, ಹಳೆಯ ಚೀಟಿ ಮಾತ್ರ ಹಾಗೇ ಇರುತ್ತದೆ. ಬಿಪಿ ಮಾತ್ರೆ ಜಾಸ್ತಿಯಾಗಿ ಎದ್ದು ನಿಂತರೆ ತಲೆ ಸುತ್ತಬಹುದು. ವೇಗವಾಗಿ ತೂಕ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗಬಹುದು. ಇಂಜೆಕ್ಷನ್ ಡೋಸ್ 2.5 ಮಿಲಿಗ್ರಾಂನಿಂದ ಶುರುವಾಗಿ, ನಾಲ್ಕು ವಾರದ ನಂತರ 5. ಮುಂದೆ ಏರಿಸಬೇಕೋ, ಅಲ್ಲೇ ಇರಬೇಕೋ ಅನ್ನುವುದನ್ನು ನಮ್ಮ ವಾಂತಿ, ಮಲಬದ್ಧತೆ, ಊಟ ಎಲ್ಲ ಕೇಳಿ ತೀರ್ಮಾನಿಸಬೇಕು. ಮೆಡಿಕಲ್ ಶಾಪ್‌ನಲ್ಲಿ ಹಳೆ ಚೀಟಿ ತೋರಿಸಿ ಮುಂದಿನ ಇಂಜೆಕ್ಷನ್ ಪೆನ್ ತರುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ.

ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಇಳಿಯುವುದು ಬರೀ ಕೊಬ್ಬಲ್ಲ, ಮಾಂಸಖಂಡವೂ ಕರಗುತ್ತದೆ. ನೆಲದ ಮೇಲೆ ಕೂತರೆ ಕೈ ಊರದೆ ಏಳಲು ಆಗುತ್ತಿರಲಿಲ್ಲ. ವಯಸ್ಸಾಯ್ತು ಅಂದುಕೊಂಡಿದ್ದೆ. ಡಯಟೀಷಿಯನ್ ಮೇಡಂ ನಿನ್ನೆ ಏನೇನು ತಿಂದಿರಿ ಅಂತ ಒಂದೊಂದಾಗಿ ಕೇಳಿದರು. ಪ್ರೋಟೀನ್ ಇರಲೇ ಇಲ್ಲ. ಈಗ ಮೊದಲು ಮೊಟ್ಟೆ, ಹೆಸರುಕಾಳು, ಮೊಸರು. ಆಮೇಲೆ ಮುದ್ದೆ. ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮವೂ ಇದೆ. ಎರಡು ತಿಂಗಳಲ್ಲಿ ಕೈ ಊರದೆ ಏಳುವ ಹಾಗಾದೆ. ಇದನ್ನು ಯಾವ ಮಶೀನು ಹೇಳುತ್ತಿತ್ತು?

ತೂಕ ಇಳಿದಾಗ ಡಾಕ್ಟರ್ ಹತ್ರ ಹೋಗದೆ ತಪ್ಪಿಸಿಕೊಳ್ಳುವವರು ನನ್ನಂಥವರು. ಏರಿದಾಗ ತಪ್ಪಿಸಿಕೊಳ್ಳುವವರು ಇನ್ನೂ ಜಾಸ್ತಿ. ನಮ್ಮ ಅತ್ತಿಗೆ ಒಂಬತ್ತು ಕಿಲೋ ಇಳಿಸಿ ಇಂಜೆಕ್ಷನ್ ನಿಲ್ಲಿಸಿದರು. ಆರು ಕಿಲೋ ವಾಪಸ್ ಬಂತು. ‘ಯಾವ ಮುಖ ಇಟ್ಕೊಂಡು ಹೋಗ್ಲಿ’ ಅಂತ ಮನೆಯಲ್ಲೇ ಉಳಿದರು. ಅವರ ತಪ್ಪು ಇದರಲ್ಲಿ ಏನೂ ಇಲ್ಲ. ಆಸ್ಟ್ರೇಲಿಯಾದಲ್ಲಿ ತೂಕ ಇಳಿಸಿದವರ ರಕ್ತವನ್ನು ಒಂದು ವರ್ಷದ ನಂತರ ಪರೀಕ್ಷೆ ಮಾಡಿದ್ದರು. ಹಸಿವಿನ ಹಾರ್ಮೋನು ಆಗಲೂ ಮೊದಲಿಗಿಂತ ಜಾಸ್ತಿಯೇ ಇತ್ತು. 2011ರಲ್ಲಿ ಅದು ಪ್ರಕಟವಾಯಿತು. ಸೆಮಾಗ್ಲುಟೈಡ್ ಅನ್ನುವ ಇದೇ ಥರದ ಇನ್ನೊಂದು ಇಂಜೆಕ್ಷನ್‌ನ ಪ್ರಯೋಗದಲ್ಲೂ ಔಷಧ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಸುಮಾರು ಮೂರರಲ್ಲಿ ಎರಡು ಭಾಗ ವಾಪಸ್ ಬಂದಿತ್ತು. ಬಿಪಿ ಮಾತ್ರೆ ನಿಲ್ಲಿಸಿದಾಗ ಬಿಪಿ ಏರಿದರೆ ಯಾರೂ ನಾಚಿಕೊಳ್ಳುವುದಿಲ್ಲ ಅಲ್ವಾ? ತೂಕ ಏರಿದ್ದಕ್ಕೆ ಯಾಕೆ ಈ ಅವಮಾನ?

ಡಾಕ್ಟರುಗಳಿಗೂ ಒಂದು ಮಾತು. ತೂಕ ನೋಡಿದ ಕೂಡಲೇ ‘ಏನಮ್ಮ, ಬಾಯಿ ಕಟ್ಟಲಿಲ್ವಾ’ ಅನ್ನಬೇಡಿ. ಆ ಒಂದು ಮಾತಿಗೆ ಎಷ್ಟೋ ಹೆಂಗಸರು ಮತ್ತೆ ಆ ಬಾಗಿಲು ತುಳಿಯುವುದಿಲ್ಲ. ಯಾರಿಗೆ ತೂಕ ಏರಿದೆಯೋ ಅವರು ಬಂದಿದ್ದೇ ದೊಡ್ಡದು.

ಖರ್ಚು ಇದೆ, ಒಪ್ಪುತ್ತೇನೆ. ಆದರೆ ಔಷಧಿಗೆ ತಿಂಗಳಿಗೆ ಸಾವಿರಾರು ರೂಪಾಯಿ ಕೊಟ್ಟು, ಅದು ಮೈಗೆ ಹೇಗೆ ಹಿಡಿಸುತ್ತಿದೆ ಅಂತ ಕೇಳುವವರ ಫೀಸಿಗೆ ಹಿಂದೆಮುಂದೆ ನೋಡುವುದು ನನಗೆ ಸರಿ ಕಾಣುವುದಿಲ್ಲ.

ಬರುವ ಶನಿವಾರ ನನ್ನ ತಾರೀಕು. ಹೋದ ವಾರ ಫೋನ್ ಮಾಡಿ ಅತ್ತಿಗೆಯ ಹೆಸರನ್ನೂ ಬರೆಸಿದ್ದೇನೆ. ನಿನ್ನೆ ಅವರು ಹಳೆಯ ಫೈಲು ಹುಡುಕಿ ತೆಗೆದಿಟ್ಟಿದ್ದಾರಂತೆ.