ಹಸಿ ಎಷ್ಟು ಅಂತ ಹೇಳೋರು ಯಾರು?

ನಿನ್ನೆ ಸಂಜೆಯಿಂದ ಸಮಾಧಾನ ಇಲ್ಲ. ಬರೆದುಬಿಡುತ್ತೇನೆ.

ಮಲೇಬೆನ್ನೂರು ಕಡೆ ನಮ್ಮ ದೊಡ್ಡಪ್ಪನ ಎರಡು ಎಕರೆ ಭತ್ತ ಕಟಾವಾಯಿತು. 44 ಕ್ವಿಂಟಲ್. ರಸ್ತೆ ಪಕ್ಕ ತಾಡಪಾಲಿನ ಮೇಲೆ ರಾಶಿ. ವ್ಯಾಪಾರಿ ಬಂದರು. ರಾಶಿಯೊಳಗೆ ಮೊಣಕೈವರೆಗೆ ಕೈ ಇಳಿಸಿ ಒಂದು ಹಿಡಿ ತೆಗೆದರು. ನಾಲ್ಕು ಕಾಳು ಬಾಯಿಗೆ ಹಾಕಿ ಕಟಕ್ ಅಂತ ಕಚ್ಚಿದರು. "ಹಸಿ ಐತಿ ಯಜಮಾನ್ರೆ." ಅಷ್ಟೇ. ಒಣ ಭತ್ತಕ್ಕೆ ಕ್ವಿಂಟಲ್‌ಗೆ 2,050 ರೂಪಾಯಿ ಅಂತ ಫೋನಿನಲ್ಲಿ ಹೇಳಿದ್ದ ರೇಟು 1,800ಕ್ಕೆ ಇಳಿಯಿತು. ಅದರ ಮೇಲೆ ಕ್ವಿಂಟಲ್‌ಗೆ ಎರಡು ಕೆಜಿ ಸೂಟು, ಅಂದರೆ ತೂಕದಲ್ಲಿ ಸುಮ್ಮನೆ ಕಳೆಯುವುದು, ಬೇರೆ. ದೊಡ್ಡಪ್ಪ ಒಮ್ಮೆ ಮೋಡ ನೋಡಿದರು, ಹ್ಞೂಂ ಅಂದರು.

ಪಕ್ಕದ ಮನೆ ಹುಡುಗ ಬೀಜದ ಕಂಪನಿಯಲ್ಲಿದ್ದಾನೆ, ಅವನ ಹತ್ತಿರ ತೇವಾಂಶದ ಮೀಟರ್ ಇತ್ತು. ಲಾರಿ ಹೋದ ಮೇಲೆ ಉಳಿದ ಕಾಳು ಹಾಕಿ ನೋಡಿದೆವು. ಶೇಕಡಾ 20 ತೋರಿಸಿತು. 20 ಇರುವ ಒಂದು ಕ್ವಿಂಟಲ್ ಭತ್ತ, ಸರ್ಕಾರಿ ಖರೀದಿ ಕೇಂದ್ರ ಒಪ್ಪುವ 17ಕ್ಕೆ ಒಣಗಿದರೆ ಕಡಿಮೆಯಾಗುವುದು ಮೂರೂವರೆ ಕೆಜಿ ಚಿಲ್ಲರೆ. 2,050ರ ಲೆಕ್ಕದಲ್ಲಿ ಸುಮಾರು 75 ರೂಪಾಯಿ. ಹಿಡಿದದ್ದು 250! ಅಂದರೆ 175 ಹೆಚ್ಚಿಗೆ. 44 ಕ್ವಿಂಟಲ್‌ಗೆ 7,700 ರೂಪಾಯಿ ನಾಲ್ಕು ಕಾಳು ಕಚ್ಚಿದ್ದಕ್ಕೆ ಹೋಯಿತು. ಸೂಟಿನದು ಇನ್ನೂ 88 ಕೆಜಿ.

ಒಂದು ಮಾತು ಒಪ್ಪಿಕೊಳ್ಳಬೇಕು. ಕಾಲೇಜು ಬಿಟ್ಟ ಮೇಲೆ ಎರಡು ವರ್ಷ ಮಂಡಿಯಲ್ಲಿ ಲೆಕ್ಕ ಬರೆದವನು ನಾನು. ಆ ಸೂಟಿನ ಕಲಂ ನನ್ನ ಕೈಯಾರೆ ತುಂಬಿದ್ದೇನೆ. ಒಂದು ದಿನವೂ ಯಾಕೆ ಅಂತ ಕೇಳಲಿಲ್ಲ. ನಿನ್ನೆ ದೊಡ್ಡಪ್ಪನ ಮುಖ ನೋಡುವಾಗ ಅದೇ ನೆನಪಾಗಿ ಸಂಕಟವಾಯಿತು.

ಮಿಲ್ಲಿನವರು ಹೇಳುವುದೂ ಗೊತ್ತು. ಹಸಿ ಭತ್ತ ಒಣಗಿಸಲು ಖರ್ಚಿದೆ, ಹಾಗೇ ಮಿಲ್ಲಿಗೆ ಹಾಕಿದರೆ ನುಚ್ಚು ಜಾಸ್ತಿ. ನಿಜ. ಆದರೆ ಅದನ್ನು ಅಳೆದು ಹಿಡಿಯಿರಿ, ಅಲ್ವಾ? ರೈತನ ಎದುರಿಗೇ ಅಳೆಯಿರಿ. ಕೊಳ್ಳುವವನ ಹಲ್ಲೇ ತಕ್ಕಡಿ ಆದರೆ ಹೇಗೆ?

"ಒಣಗಿಸಿ ಮಾರಬಹುದಿತ್ತಲ್ಲ" ಅಂತ ಪೇಟೆಯ ಗೆಳೆಯರು ಸುಲಭವಾಗಿ ಹೇಳುತ್ತಾರೆ. ಎಲ್ಲಿ? ಕಣ ಇದ್ದ ಜಾಗದಲ್ಲಿ ಈಗ ಅಡಿಕೆ ಗಿಡ ಇದೆ, ಇಲ್ಲಾ ಮನೆ ಎದ್ದಿದೆ. ಮೊದಲು ಕೈಯಲ್ಲಿ ಕೊಯ್ದು, ಮೆದೆ ಹಾಕಿ ಬಡಿಯುವ ಹೊತ್ತಿಗೆ ಕಾಳು ತಾನೇ ಒಣಗಿರುತ್ತಿತ್ತು. ಈಗ ಮೆಷಿನ್ ಒಂದೆರಡು ತಾಸಿನಲ್ಲಿ ಹಸಿ ಕಾಳು ಸುರಿದು ಹೋಗುತ್ತದೆ. ಇನ್ನೊಂದು ಕಡೆ ಗೊಬ್ಬರದ ಸಾಲ ಕೊಟ್ಟವರೂ ಅದೇ ವ್ಯಾಪಾರಿ.

2025-26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ 2,369 ರೂಪಾಯಿ. ಖರೀದಿ ಕೇಂದ್ರದಲ್ಲೂ ತೇವಾಂಶ 17ರ ಒಳಗೆ ಇರಬೇಕು. ಅಲ್ಲಿಗೂ ಬೇಕಾಗಿದ್ದು ಅದೇ ಕಣ.

ದಾವಣಗೆರೆಯಲ್ಲಿ ಮೌಲ್ಯ ಸರಪಳಿ, ಅಂದರೆ ಬೆಳೆ ಹೊಲದಿಂದ ಗಿರಾಕಿವರೆಗೆ ಬೆಲೆ ಹೆಚ್ಚಿಸಿಕೊಂಡು ಹೋಗುವ ದಾರಿ, ಅಂತ ತರಬೇತಿ ಮಾಡುತ್ತಾರೆ. ಪ್ಯಾಕಿಂಗ್, ಬ್ರ್ಯಾಂಡ್, ರಫ್ತು ಎಲ್ಲಾ ಹೇಳುತ್ತಾರೆ. ರೈತರೇ ಸೇರಿ ನಡೆಸುವ 10,000 ರೈತ ಉತ್ಪಾದಕ ಸಂಸ್ಥೆ ಕಟ್ಟುವ ಯೋಜನೆ 2020ರಲ್ಲೇ ಬಂತು, ಒಳ್ಳೆಯದೇ. ಆದರೆ ನಮ್ಮೂರಲ್ಲಿ ಸರಪಳಿಯ ಮೊದಲ ಕೊಂಡಿಯೇ ಇಲ್ಲ. ಭತ್ತ ಹರವಲು ಸಿಮೆಂಟಿನ ಕಣ, ಎಲ್ಲರೆದುರು ಅಳೆಯುವ ಒಂದು ಮೀಟರ್. ಮೂವತ್ತು ಮನೆಯವರು ಒಂದೇ ತಳಿ, ಆರ್‌ಎನ್‌ಆರ್ ಆಗಲಿ ಸೋನಾ ಆಗಲಿ, ಹಾಕಿ ಒಟ್ಟಿಗೆ ಒಣಗಿಸಿದರೆ ಲಾರಿಗಟ್ಟಲೆ ಒಂದೇ ಥರದ ಮಾಲು. ಆಗ ಮಿಲ್ಲಿನವರೇ ಹುಡುಕಿಕೊಂಡು ಬರುತ್ತಾರೆ. ಎರಡೆಕರೆಯವನು ಒಬ್ಬನೇ ರಸ್ತೆಯಲ್ಲಿ ನಿಂತರೆ ಯಾರು ಕೇಳುತ್ತಾರೆ?

ಊರಿನ ಗೆಳೆಯರಿಗೆ ಹೇಳುತ್ತಿದ್ದೇನೆ. ಸೊಸೈಟಿ ಗೋದಾಮಿನ ಮುಂದೆ ಜಾಗ ಖಾಲಿ ಇದೆ. ಮೀಟರಿನ ದುಡ್ಡು ನಾನು ಕೊಡುತ್ತೇನೆ. ಮುಂದಿನ ಕಟಾವಿಗೆ ಮುಂಚೆ ಅಲ್ಲಿ ಕಣ ಆಗಬೇಕು. ಭಾನುವಾರ ಬೆಳಿಗ್ಗೆ ದೊಡ್ಡಪ್ಪನ ಮನೆ ಕಟ್ಟೆ ಹತ್ತಿರ ಇರುತ್ತೇನೆ, ಬನ್ನಿ.