ಯಾವ ಜಾನ್ಸನ್? ಅಮೆರಿಕದ ರಾಜಕೀಯ ಓದುವಾಗ ಮೊದಲು ಕೇಳಬೇಕಾದ ಪ್ರಶ್ನೆ

‘ಜಾನ್ಸನ್ ಕಾಯ್ದೆ’ ಅಂತ ಎರಡೇ ಪದ ಬರೆದು ಮುಂದೆ ಹೋಗುವ ಲೇಖನ ಕಣ್ಣಿಗೆ ಬಿದ್ದರೆ ದಯವಿಟ್ಟು ಅಲ್ಲೇ ಒಂದು ಕ್ಷಣ ನಿಲ್ಲಿ. ಅಮೆರಿಕದಲ್ಲಿ ಆ ಹೆಸರಿನಿಂದ ಕರೆಯುವ ಕಾಯ್ದೆಗಳು ಕಡೇಪಕ್ಷ ಮೂರಿವೆ. ಮೂರರ ಹಿಂದೆಯೂ ಮೂರು ಬೇರೆ ಬೇರೆ ಜಾನ್ಸನ್‌ಗಳಿದ್ದಾರೆ. 1924ರದು ವಲಸೆಗೆ ಬಾಗಿಲು ಹಾಕಿದ ಕಾಯ್ದೆ, ವಾಷಿಂಗ್ಟನ್ ರಾಜ್ಯದ ಸಂಸದ ಆಲ್ಬರ್ಟ್ ಜಾನ್ಸನ್ ಅವರದು. 1934ರದು, ಅಮೆರಿಕ ಸರ್ಕಾರಕ್ಕೆ ಸಾಲ ಬಾಕಿ ಉಳಿಸಿಕೊಂಡ ದೇಶಗಳಿಗೆ ಹೊಸ ಸಾಲ ಕೊಡಬಾರದು ಎಂದದ್ದು, ಕ್ಯಾಲಿಫೋರ್ನಿಯಾದ ಸೆನೆಟರ್ ಹೈರಮ್ ಜಾನ್ಸನ್ ಅವರದು. 1951ರದು ಜೂಜಿನ ಯಂತ್ರಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದಕ್ಕೆ ಕಡಿವಾಣ ಹಾಕಿದ್ದು, ಕೊಲರಾಡೊದ ಸೆನೆಟರ್ ಎಡ್ವಿನ್ ಜಾನ್ಸನ್ ಅವರದು. ವಲಸೆ, ಸಾಲ, ಜೂಜು. ಇಸವಿ ಬಿಟ್ಟು ಬರೆದರೆ ಓದುಗ ಯಾವುದನ್ನು ಹಿಡಿಯಬೇಕು?

ಇದು ಪಂಡಿತರ ತಕರಾರಲ್ಲ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮಟ್ಟಿಗಂತೂ ಈ ಹೆಸರಿನ ಗೊಂದಲ ನೇರವಾಗಿ ಮನೆಬಾಗಿಲಿಗೆ ಬರುತ್ತದೆ. ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳಬೇಕು.

1924ರ ಕಾಯ್ದೆಯ ಪೂರ್ತಿ ರೂಢಿನಾಮ ಜಾನ್ಸನ್-ರೀಡ್ ಕಾಯ್ದೆ. ಪ್ರತಿನಿಧಿ ಸಭೆಯ ವಲಸೆ ಸಮಿತಿಗೆ ಆಲ್ಬರ್ಟ್ ಜಾನ್ಸನ್ ಅಧ್ಯಕ್ಷರು. ಸಹಿ ಹಾಕಿದ್ದು ಅಧ್ಯಕ್ಷ ಕೂಲಿಜ್. ಅದರ ಲೆಕ್ಕಾಚಾರ ನೋಡಿ: 1890ರ ಜನಗಣತಿಯಲ್ಲಿ ಅಮೆರಿಕದಲ್ಲಿದ್ದ ಒಂದೊಂದು ದೇಶ ಮೂಲದವರ ಸಂಖ್ಯೆಯ ಶೇ. 2ರಷ್ಟು ಮಂದಿಗೆ ಮಾತ್ರ ಆ ದೇಶದಿಂದ ವರ್ಷಕ್ಕೆ ಪ್ರವೇಶ. 1924ರಲ್ಲಿ ಕೂತು 34 ವರ್ಷ ಹಿಂದಿನ ಜನಗಣತಿಯನ್ನೇ ಯಾಕೆ ಹಿಡಿದರು? ಇಟಲಿ, ಪೋಲೆಂಡ್, ರಷ್ಯಾ ಕಡೆಯ ಕ್ಯಾಥೊಲಿಕರು, ಯೆಹೂದಿಗಳು ದೊಡ್ಡ ಸಂಖ್ಯೆಯಲ್ಲಿ ಬಂದಿದ್ದು 1890ರ ನಂತರ. ಹಳೆಯ ಜನಗಣತಿ ಹಿಡಿದರೆ ಅವರ ಪಾಲು ತಾನಾಗಿಯೇ ಕುಗ್ಗುತ್ತದೆ. ಏಷ್ಯಾದವರಿಗೆ ಅಷ್ಟೂ ಇರಲಿಲ್ಲ. ಪೌರತ್ವ ಪಡೆಯಲು ಅನರ್ಹರಾದವರಿಗೆ ಪ್ರವೇಶವೇ ಇಲ್ಲ ಎಂದಿತ್ತು ಕಾಯ್ದೆ. ಭಾರತೀಯರು ‘ಬಿಳಿಯರಲ್ಲ’, ಆದ್ದರಿಂದ ಪೌರರಾಗುವಂತಿಲ್ಲ ಎಂದು ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1923ರಲ್ಲೇ ತೀರ್ಪು ಕೊಟ್ಟಾಗಿತ್ತು. 1917ರ ಇನ್ನೊಂದು ಕಾಯ್ದೆ ಭಾರತವನ್ನು ನಿಷೇಧಿತ ವಲಯಕ್ಕೆ ಮೊದಲೇ ಸೇರಿಸಿತ್ತು.

1946ರಲ್ಲಿ ಲೂಸ್-ಸೆಲ್ಲರ್ ಕಾಯ್ದೆ ಬಂದು ಭಾರತಕ್ಕೆ ಒಂದು ಕೋಟಾ ಸಿಕ್ಕಿತು: ವರ್ಷಕ್ಕೆ 100 ಜನ. ಇಡೀ ದೇಶಕ್ಕೆ ನೂರು. ಇದನ್ನೆಲ್ಲ ಕಿತ್ತು ಹಾಕಿದ್ದು 1965ರ ವಲಸೆ ಕಾಯ್ದೆ. ಆ ವರ್ಷ ಅಕ್ಟೋಬರ್ 3ರಂದು ನ್ಯೂಯಾರ್ಕಿನ ಸ್ವಾತಂತ್ರ್ಯ ಪ್ರತಿಮೆಯ ಬುಡದಲ್ಲಿ ಅದಕ್ಕೆ ಸಹಿ ಹಾಕಿದವರು ಅಧ್ಯಕ್ಷ ಲಿಂಡನ್ ಜಾನ್ಸನ್. ಜನಾಂಗ, ಮೂಲದೇಶದ ಲೆಕ್ಕ ಹೋಗಿ ನಮ್ಮ ಕಡೆಯ ಅರ್ಧಗೋಳದ ಪ್ರತಿ ದೇಶಕ್ಕೂ ವರ್ಷಕ್ಕೆ 20,000ದವರೆಗೆ ಅವಕಾಶವಾಯಿತು. ಕುಟುಂಬ ಸಂಬಂಧಕ್ಕೂ ವೃತ್ತಿ ಕೌಶಲಕ್ಕೂ ಆದ್ಯತೆ ಬಂತು. ಕರ್ನಾಟಕದಿಂದ ಡಾಕ್ಟರುಗಳು, ಎಂಜಿನಿಯರುಗಳು ಸಂಸಾರ ಸಮೇತ ಹೋಗಿ ನೆಲೆ ನಿಂತದ್ದು, ಊರೂರಲ್ಲಿ ಕನ್ನಡ ಕೂಟ ಕಟ್ಟಿಕೊಂಡದ್ದು ಈ ಬಾಗಿಲು ತೆರೆದ ಮೇಲಿನ ಕತೆ.

ಅಂದರೆ ಬಾಗಿಲು ಹಾಕಿದವರೂ ಜಾನ್ಸನ್, ತೆಗೆದವರೂ ಜಾನ್ಸನ್. ‘ಜಾನ್ಸನ್ ಅವರ ವಲಸೆ ಕಾಯ್ದೆ’ ಎಂದಷ್ಟೇ ಬರೆದರೆ ಒಂದಕ್ಕೊಂದು ಪೂರ್ತಿ ವಿರುದ್ಧವಾದ ಎರಡು ಕಾಯ್ದೆಗಳಲ್ಲಿ ಯಾವುದು ಬೇಕಾದರೂ ಆಗಬಹುದು. ಇದಕ್ಕಿಂತ ದೊಡ್ಡ ಅಪಾರ್ಥ ಒಂದು ಹೆಸರಿನಿಂದ ಆಗಲು ಸಾಧ್ಯವೇ?

ಇದೇ ಕತೆಯಲ್ಲಿ ಇನ್ನೊಂದು ಹೆಸರಿದೆ, ಗಮನಿಸಿ: ಸೆಲ್ಲರ್. 1946ರ ಲೂಸ್-ಸೆಲ್ಲರ್, 1965ರ ಹಾರ್ಟ್-ಸೆಲ್ಲರ್. ಇಲ್ಲಿ ಮಾತ್ರ ಎರಡೂ ಕಡೆ ಒಬ್ಬರೇ, ನ್ಯೂಯಾರ್ಕಿನ ಎಮ್ಯಾನುಯೆಲ್ ಸೆಲ್ಲರ್. 1923ರಲ್ಲಿ ಪ್ರತಿನಿಧಿ ಸಭೆಗೆ ಬಂದ ಅವರು 1924ರಲ್ಲಿ ಆಲ್ಬರ್ಟ್ ಜಾನ್ಸನ್ ಅವರ ಮಸೂದೆಯನ್ನು ಸದನದಲ್ಲೇ ವಿರೋಧಿಸಿ ಸೋತರು. 41 ವರ್ಷ ಅದೇ ಸಭೆಯಲ್ಲಿದ್ದುಕೊಂಡು, ಕೊನೆಗೆ ಅದನ್ನು ಅಳಿಸುವ ಕಾಯ್ದೆಗೆ ತಮ್ಮ ಹೆಸರು ಹಾಕಿಸಿಕೊಂಡರು. ನೆನೆದಾಗಲೆಲ್ಲ ಕೈಮುಗಿಯಬೇಕು ಅನ್ನಿಸುವ ಛಲ ಅದು.

ಅಧ್ಯಕ್ಷರ ವಿಷಯಕ್ಕೆ ಬಂದರೆ ಗೊಂದಲ ಇನ್ನೂ ಆಳ. 17ನೆಯವರು ಆಂಡ್ರೂ ಜಾನ್ಸನ್, 36ನೆಯವರು ಲಿಂಡನ್ ಜಾನ್ಸನ್. ಇಬ್ಬರೂ ದಕ್ಷಿಣದವರು. ಇಬ್ಬರೂ ಉಪಾಧ್ಯಕ್ಷರಾಗಿದ್ದು, ಮೇಲಿದ್ದವರು ಗುಂಡೇಟಿಗೆ ಬಲಿಯಾದಾಗ ಅಧ್ಯಕ್ಷರಾದವರು. ಲಿಂಕನ್ ನಂತರ ಒಬ್ಬರು, ಕೆನಡಿ ನಂತರ ಒಬ್ಬರು. ಹುಟ್ಟಿದ್ದು 1808 ಮತ್ತು 1908. ಇಷ್ಟು ಹೋಲಿಕೆ ಸಾಕು, ಪರೀಕ್ಷೆ ಬರೆಯುವ ಮಕ್ಕಳ ತಲೆಯಲ್ಲಿ ಇಬ್ಬರೂ ಬೆರೆತುಹೋಗುವುದಕ್ಕೆ. ಮಾಡಿದ ಕೆಲಸ ನೋಡಿದರೆ ಇಬ್ಬರದೂ ಎದುರುಬದುರು ದಾರಿ. ಗುಲಾಮಗಿರಿಯಿಂದ ಬಿಡುಗಡೆಯಾದವರಿಗೆ ಪೌರತ್ವದ ಹಕ್ಕು ಕೊಡುವ 1866ರ ನಾಗರಿಕ ಹಕ್ಕುಗಳ ಮಸೂದೆಯನ್ನು ಆಂಡ್ರೂ ವೀಟೊ ಮಾಡಿದರು. ಸಂಸತ್ತು ಮೂರನೇ ಎರಡು ಬಹುಮತದಿಂದ ಅದನ್ನು ಮೀರಿ ಕಾಯ್ದೆ ಮಾಡಿತು. 1964ರ ನಾಗರಿಕ ಹಕ್ಕುಗಳ ಕಾಯ್ದೆಗೂ 1965ರ ಮತದಾನದ ಹಕ್ಕಿನ ಕಾಯ್ದೆಗೂ ಲಿಂಡನ್ ಸಹಿ ಹಾಕಿದರು. ‘ನಾಗರಿಕ ಹಕ್ಕು ಮತ್ತು ಅಧ್ಯಕ್ಷ ಜಾನ್ಸನ್’ ಎಂಬ ತಲೆಬರಹ ಇಬ್ಬರಿಗೂ ಹೊಂದುತ್ತದೆ, ತದ್ವಿರುದ್ಧ ಅರ್ಥದಲ್ಲಿ. ವಾಗ್ದಂಡನೆಗೆ ಒಳಗಾದ ಜಾನ್ಸನ್ ಆಂಡ್ರೂ ಮಾತ್ರ: 1868ರಲ್ಲಿ ಸೆನೆಟ್‌ನಲ್ಲಿ ಅವರನ್ನು ಕೆಳಗಿಳಿಸಲು 36 ಮತ ಬೇಕಿತ್ತು, ಬಿದ್ದದ್ದು 35.

‘ಉಪಾಧ್ಯಕ್ಷ ಜಾನ್ಸನ್’ ಅಂದರಂತೂ ಮೂವರು. ಈ ಇಬ್ಬರ ಜೊತೆ ಕೆಂಟಕಿಯ ರಿಚರ್ಡ್ ಮೆಂಟರ್ ಜಾನ್ಸನ್ ಸೇರುತ್ತಾರೆ. 1836ರ ಚುನಾವಣೆಯಲ್ಲಿ ಎಲೆಕ್ಟರುಗಳ (ಅಧ್ಯಕ್ಷ, ಉಪಾಧ್ಯಕ್ಷರನ್ನು ಆರಿಸಲು ರಾಜ್ಯಗಳಿಂದ ಬರುವ ಪ್ರತಿನಿಧಿಗಳ) 148 ಮತ ಬೇಕಿದ್ದಾಗ ಅವರಿಗೆ ಬಂದದ್ದು 147, ವರ್ಜೀನಿಯಾದ 23 ಎಲೆಕ್ಟರುಗಳು ಕೈಕೊಟ್ಟಿದ್ದರಿಂದ. ಕೊನೆಗೆ ಸೆನೆಟ್ ಮತ ಹಾಕಿ ಅವರನ್ನು ಆರಿಸಿತು. ಸೆನೆಟ್‌ನಿಂದ ಹೀಗೆ ಆಯ್ಕೆಯಾದ ಉಪಾಧ್ಯಕ್ಷರು ಅವರೊಬ್ಬರೇ.

ಯಾಕಿಷ್ಟು ಜಾನ್ಸನ್‌ಗಳು? ಹೆಸರಿನ ಅರ್ಥ ಸರಳ, ಜಾನ್‌ನ ಮಗ. 2010ರ ಜನಗಣತಿಯ ಪ್ರಕಾರ 19 ಲಕ್ಷಕ್ಕೂ ಹೆಚ್ಚು ಜನಕ್ಕೆ ಈ ಅಡ್ಡಹೆಸರಿದೆ. ಇದಕ್ಕಿಂತ ಮುಂದಿರುವುದು ಸ್ಮಿತ್ ಒಂದೇ. ಇಂಗ್ಲೆಂಡಿನಿಂದ ಬಂದವರದು ಒಂದು ಧಾರೆ. ಸ್ವೀಡನ್ನಿನ ಯೋಹಾನ್ಸನ್, ನಾರ್ವೆಯ ಯೋಹಾನ್ಸೆನ್ ಹಡಗಿಳಿದು ಮಿನ್ನೆಸೋಟ ಕಡೆ ಹೋಗಿ ಜಾನ್ಸನ್ ಆದದ್ದು ಇನ್ನೊಂದು. 1905ರಲ್ಲಿ ಅಲ್ಲಿನ ಗವರ್ನರ್ ಆದ ಜಾನ್ ಆಲ್ಬರ್ಟ್ ಜಾನ್ಸನ್ ಅವರ ತಂದೆತಾಯಿ ಸ್ವೀಡನ್ನಿನವರು. ಕಪ್ಪು ಜನರದು ಮೂರನೆಯ ಧಾರೆ. ಗುಲಾಮಗಿರಿಯ ಕಾಲದಿಂದ ಬಂದದ್ದೋ ಬಿಡುಗಡೆಯಾದಾಗ ತಾವೇ ಆರಿಸಿಕೊಂಡದ್ದೋ ಆದ ಹೆಸರು. ಇವತ್ತಿನ ಜಾನ್ಸನ್‌ಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಕಪ್ಪು ಜನ.

ನಮಗೆ ಇಲ್ಲೊಂದು ಅಭ್ಯಾಸಬಲ ಅಡ್ಡ ಬರುತ್ತದೆ. ಪಾಟೀಲ, ಹೆಗಡೆ, ಶೆಟ್ಟಿ, ಗೌಡ ಅಂದ ಕೂಡಲೇ ಸೀಮೆ, ಸಮುದಾಯ ಅಂದಾಜು ಮಾಡುವವರು ನಾವು. ಜಾನ್ಸನ್ ಅನ್ನುವುದರಿಂದ ಅಂಥ ಸುಳಿವು ಏನೂ ಸಿಗುವುದಿಲ್ಲ. ಸ್ಪೀಕರ್ ಮೈಕ್ ಜಾನ್ಸನ್ ಲೂಸಿಯಾನಾದ ಬಿಳಿಯ ರಿಪಬ್ಲಿಕನ್. ಹ್ಯಾಂಕ್ ಜಾನ್ಸನ್ ಜಾರ್ಜಿಯಾದ ಕಪ್ಪು ಡೆಮಾಕ್ರಾಟ್. ಇಬ್ಬರೂ ಒಂದೇ ಸಭೆಯ ಸದಸ್ಯರು. ಕೆನಡಿ, ಬುಷ್ ಹೆಸರುಗಳ ಹಿಂದೆ ಮನೆತನವಿದೆ. ಇಲ್ಲಿ ಹಾಗೆ ಹುಡುಕಿದರೆ ದಾರಿ ತಪ್ಪುತ್ತೇವೆ.

ಅಮೆರಿಕದ ಸಂಸತ್ತು ಈ ತಲೆನೋವನ್ನು ಹೇಗೆ ನಿಭಾಯಿಸುತ್ತದೆ ಅನ್ನುವುದರಲ್ಲಿ ನಾವು ಕಲಿಯಬೇಕಾದ ಪಾಠವಿದೆ. ಮತದಾನದ ಪಟ್ಟಿಯಲ್ಲಿ ಸಾಮಾನ್ಯವಾಗಿ ಅಡ್ಡಹೆಸರು ಮಾತ್ರ ಇರುತ್ತದೆ. ಒಂದೇ ಹೆಸರಿನವರು ಇಬ್ಬರಿದ್ದರೆ ಪಕ್ಕದಲ್ಲಿ ರಾಜ್ಯದ ಎರಡಕ್ಷರ ಬರುತ್ತದೆ: ಜಾನ್ಸನ್ (ಎಲ್‌ಎ), ಜಾನ್ಸನ್ (ಜಿಎ), ಜಾನ್ಸನ್ (ಎಸ್‌ಡಿ). ಈ ಎಲ್‌ಎ ಅಂದರೆ ಲಾಸ್ ಏಂಜಲೀಸ್ ಅಲ್ಲ, ಲೂಸಿಯಾನಾ. ಜಿಎ ಅಂದರೆ ಜಾರ್ಜಿಯಾ ರಾಜ್ಯ, ಆ ಹೆಸರಿನ ದೇಶವಲ್ಲ. ಎಸ್‌ಡಿ ಅಂದರೆ ಸೌತ್ ಡಕೋಟಾ. ಯಂತ್ರಾನುವಾದ ಮುಗ್ಗರಿಸಬಹುದಾದ ಜಾಗ ಇದು, ಕಣ್ಣಿಟ್ಟು ತಿದ್ದಬೇಕು.

ರಾಜ್ಯವೂ ಒಂದೇ ಆದರೆ? 2011ರಿಂದ 2013ರವರೆಗಿನ ಸಂಸತ್ತು ಅದಕ್ಕೆ ಒಳ್ಳೆಯ ಉದಾಹರಣೆ. ಎರಡೂ ಸದನ ಸೇರಿ ಏಳು ಜನ ಜಾನ್ಸನ್‌ಗಳು. ಟೆಕ್ಸಸ್‌ನಿಂದಲೇ ಇಬ್ಬರು: ಡಲ್ಲಾಸಿನ ಎಡ್ಡಿ ಬರ್ನಿಸ್ ಜಾನ್ಸನ್, ನರ್ಸ್ ಆಗಿದ್ದು ಸಂಸತ್ತಿಗೆ ಬಂದ ಕಪ್ಪು ಮಹಿಳೆ, ಡೆಮಾಕ್ರಾಟ್, ಮತ್ತು ಸ್ಯಾಮ್ ಜಾನ್ಸನ್, ವಿಯೆಟ್ನಾಂನಲ್ಲಿ ಸುಮಾರು ಏಳು ವರ್ಷ ಯುದ್ಧಕೈದಿಯಾಗಿದ್ದ ವಾಯುಪಡೆಯ ಪೈಲಟ್, ರಿಪಬ್ಲಿಕನ್. ರಾಜ್ಯದ ಗುರುತು ಇಲ್ಲಿ ಕೆಲಸಕ್ಕೆ ಬರಲಿಲ್ಲ. ಪಟ್ಟಿಯಲ್ಲಿ ‘ಜಾನ್ಸನ್, ಇ. ಬಿ.’ ಮತ್ತು ‘ಜಾನ್ಸನ್, ಸ್ಯಾಮ್’ ಎಂದು ಬರೆದರು. ಇನ್ನು ಟಿಮ್ ಜಾನ್ಸನ್ ಎಂಬ ಪೂರ್ತಿ ಹೆಸರಿನವರೇ ಇಬ್ಬರು. ಒಬ್ಬರು ಇಲಿನಾಯ್‌ನ ರಿಪಬ್ಲಿಕನ್, ಪ್ರತಿನಿಧಿ ಸಭೆಯಲ್ಲಿ. ಇನ್ನೊಬ್ಬರು ಸೌತ್ ಡಕೋಟಾದ ಡೆಮಾಕ್ರಾಟ್, ಸೆನೆಟ್‌ನಲ್ಲಿ.

ಈ ಇಬ್ಬರು ಟಿಮ್‌ಗಳನ್ನು ಕಲಸಿದರೆ ಏನಾಗುತ್ತದೆ ಅನ್ನುವುದಕ್ಕೆ 2006ರ ಡಿಸೆಂಬರ್ 13 ನೋಡಿ. ಪತ್ರಕರ್ತರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ ಸೆನೆಟರ್ ಟಿಮ್ ಜಾನ್ಸನ್ ಅವರ ಮಾತು ತೊದಲಿತು. ಮೆದುಳಿನಲ್ಲಿ ರಕ್ತಸ್ರಾವ. ತುರ್ತು ಶಸ್ತ್ರಚಿಕಿತ್ಸೆಯಾಯಿತು. ಇಡೀ ವಾಷಿಂಗ್ಟನ್ ಉಸಿರು ಬಿಗಿಹಿಡಿದು ಕೂತಿತು, ಯಾಕೆಂದರೆ ಮುಂದಿನ ತಿಂಗಳು ಸೇರಬೇಕಿದ್ದ ಸೆನೆಟ್‌ನಲ್ಲಿ ಡೆಮಾಕ್ರಾಟರ ಬಲ ಇಬ್ಬರು ಸ್ವತಂತ್ರರನ್ನೂ ಸೇರಿಸಿ 51, ಎದುರು 49. ಅವರ ಸ್ಥಾನ ತೆರವಾದರೆ ತುಂಬುವ ಅಧಿಕಾರ ಸೌತ್ ಡಕೋಟಾದ ರಿಪಬ್ಲಿಕನ್ ಗವರ್ನರ್ ಕೈಯಲ್ಲಿತ್ತು. ಆಗ 50-50, ಸಮಬಲ ಮುರಿಯುವ ಮತ ಉಪಾಧ್ಯಕ್ಷ ಡಿಕ್ ಚೇನಿ ಅವರದು. ಒಬ್ಬ ಮನುಷ್ಯನ ಆರೋಗ್ಯದ ಮೇಲೆ ಸೆನೆಟ್‌ನ ಹಿಡಿತ ನಿಂತಿತ್ತು. ಆ ಸುದ್ದಿಗೆ ಇಲಿನಾಯ್‌ನ ಟಿಮ್ ಜಾನ್ಸನ್ ಅವರ ಫೋಟೊ, ಪಕ್ಷ ಹಾಕಿದರೆ ಇಡೀ ಲೆಕ್ಕ ಅಡಿಮೇಲು. ಸೆನೆಟರ್ ಜಾನ್ಸನ್ ಚೇತರಿಸಿಕೊಂಡು 2007ರ ಸೆಪ್ಟೆಂಬರಿನಲ್ಲಿ ಸದನಕ್ಕೆ ಮರಳಿದರು, ಮರುವರ್ಷ ಮತ್ತೆ ಗೆದ್ದರು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಗುಂಡಿ ಇದೆ. ಜಾನ್‌ಸ್ಟನ್ ಬೇರೆ, ಜಾನ್ಸನ್ ಬೇರೆ. ಒಂದು ‘ಟ’ಕಾರ ಬಿಟ್ಟುಹೋದರೆ ಲೂಸಿಯಾನಾದ ಬೆನೆಟ್ ಜಾನ್‌ಸ್ಟನ್, ಜಾನ್ಸನ್ ಆಗಿಬಿಡುತ್ತಾರೆ. ಅವರು 1972ರಿಂದ 1997ರವರೆಗೆ ಸೆನೆಟರ್, ಡೆಮಾಕ್ರಾಟ್. ಹುಟ್ಟೂರು ಶ್ರೀವ್‌ಪೋರ್ಟ್, ಇಂದಿನ ಸ್ಪೀಕರ್ ಮೈಕ್ ಜಾನ್ಸನ್ ಹುಟ್ಟಿದ್ದೂ ಅಲ್ಲೇ. ರಾಜ್ಯ ಒಂದೇ, ಊರೂ ಒಂದೇ, ಉಚ್ಚಾರದಲ್ಲಿ ಒಂದಕ್ಷರದ ಅಂತರ. ಅಪ್ಪ-ಮಗ ಅಂತ ಯಾರಾದರೂ ಬರೆದುಬಿಟ್ಟರೆ ಆಶ್ಚರ್ಯವಿಲ್ಲ.

ಹಾಗಾದರೆ ಪರಿಶೀಲಿಸುವುದು ಹೇಗೆ? ಮೊದಲು ಹುದ್ದೆ ನೋಡಿ: ಸೆನೆಟೋ, ಪ್ರತಿನಿಧಿ ಸಭೆಯೋ, ಗವರ್ನರೋ, ನಗರದ ಮೇಯರೋ. 2023ರಿಂದ ಷಿಕಾಗೊ ಮೇಯರ್ ಆಗಿರುವ ಬ್ರ್ಯಾಂಡನ್ ಜಾನ್ಸನ್ ಅವರಿಗೂ ಸಂಸತ್ತಿಗೂ ಸಂಬಂಧವಿಲ್ಲ. ಆಮೇಲೆ ರಾಜ್ಯ, ಪಕ್ಷ. ಇಂಗ್ಲಿಷ್ ಸುದ್ದಿಯಲ್ಲಿ ಹೆಸರಿನ ಪಕ್ಕ ಆರ್ (ರಿಪಬ್ಲಿಕನ್) ಅಥವಾ ಡಿ (ಡೆಮಾಕ್ರಾಟ್), ಅದರ ಮುಂದೆ ರಾಜ್ಯದ ಸಂಕ್ಷಿಪ್ತ ರೂಪ ಇರುತ್ತದೆ; ಅದನ್ನು ಎಂದಿಗೂ ಹಾರಿಸಬೇಡಿ. ಹಳೆಯ ಘಟನೆಯಾದರೆ ಇಸವಿಯೇ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ. ಇಷ್ಟಾದರೂ ಅನುಮಾನ ಉಳಿದರೆ ಸಂಸತ್ತಿನದೇ ಬಯೋಗ್ರಾಫಿಕಲ್ ಡೈರೆಕ್ಟರಿ ಆನ್‌ಲೈನ್‌ನಲ್ಲಿ ಉಚಿತವಾಗಿದೆ. ಅಲ್ಲಿ ಈವರೆಗಿನ ಪ್ರತಿ ಸದಸ್ಯರಿಗೂ ಒಂದು ಅಕ್ಷರ, ಆರು ಅಂಕಿಯ ಸಂಖ್ಯೆ ಇದೆ. ಮೈಕ್ ಜಾನ್ಸನ್ ಜೆ000299, ವಿಸ್ಕಾನ್ಸಿನ್ ಸೆನೆಟರ್ ರಾನ್ ಜಾನ್ಸನ್ ಜೆ000293. ಹೆಸರು ಎಷ್ಟು ಸಲ ಮರುಕಳಿಸಿದರೂ ಆ ಸಂಖ್ಯೆ ಮರುಕಳಿಸುವುದಿಲ್ಲ. ಬರೆಯುವಾಗ ಮೊದಲ ಉಲ್ಲೇಖದಲ್ಲಿ ಹುದ್ದೆ, ಪೂರ್ಣ ಹೆಸರು, ರಾಜ್ಯ ಮೂರನ್ನೂ ಕೊಡಿ. ಒಂದೇ ಬರಹದಲ್ಲಿ ಇಬ್ಬರು ಬಂದರೆ ಕೊನೆಯವರೆಗೂ ಮೊದಲ ಹೆಸರಿನಿಂದಲೇ ಕರೆಯಿರಿ. ನಾಲ್ಕು ಪದ ಹೆಚ್ಚಾಗುತ್ತದೆ, ಆಗಲಿ.

ಕೊನೆಗೆ ‘ಜಾನ್ಸನ್ ತಿದ್ದುಪಡಿ’. ಕನ್ನಡದಲ್ಲಿ ತಿದ್ದುಪಡಿ ಅಂದರೆ ತಕ್ಷಣ ಸಂವಿಧಾನ ನೆನಪಾಗುತ್ತದೆ. ಇದು ಸಂವಿಧಾನದ್ದಲ್ಲ, ತೆರಿಗೆ ಕಾನೂನಿಗೆ 1954ರಲ್ಲಿ ಸೇರಿಸಿದ ಒಂದು ಅಂಶ. ‘ಅಧ್ಯಕ್ಷ ಜಾನ್ಸನ್ ತಂದದ್ದು’ ಅನ್ನುವುದೂ ತಪ್ಪು: ಆಗ ಲಿಂಡನ್ ಟೆಕ್ಸಸ್‌ನ ಸೆನೆಟರ್, ಅಧ್ಯಕ್ಷರು ಐಸೆನ್‌ಹೋವರ್. 501(ಸಿ)(3) ಎಂಬ ವಿಭಾಗದಡಿ ತೆರಿಗೆ ವಿನಾಯಿತಿ ಪಡೆದ ಸಂಸ್ಥೆ ಯಾವ ಅಭ್ಯರ್ಥಿಯ ಪರವಾಗಿಯೂ ವಿರೋಧವಾಗಿಯೂ ಪ್ರಚಾರ ಮಾಡುವಂತಿಲ್ಲ ಎನ್ನುತ್ತದೆ ಅದು. ಆ ವಿಭಾಗದಡಿ ನೋಂದಾಯಿಸಿಕೊಂಡ ಕನ್ನಡ ಕೂಟಗಳಿಗೂ ಇದು ಅನ್ವಯ. ಕೂಟದ ವೇದಿಕೆ, ಹಣ, ಇಮೇಲ್ ಪಟ್ಟಿ, ಪತ್ರಿಕೆ, ಯಾವುದನ್ನೂ ಒಬ್ಬ ಅಭ್ಯರ್ಥಿಗಾಗಿ ಬಳಸುವಂತಿಲ್ಲ. ಮೀರಿದರೆ ವಿನಾಯಿತಿಗೇ ಸಂಚಕಾರ. ಸದಸ್ಯರು ತಮ್ಮ ಸ್ವಂತ ಹೆಸರಿನಲ್ಲಿ ಯಾರನ್ನು ಬೇಕಾದರೂ ಬೆಂಬಲಿಸಬಹುದು. ಪಕ್ಷ ನೋಡದೆ ಮತದಾರರ ನೋಂದಣಿ ಶಿಬಿರ ನಡೆಸಬಹುದು. ಚುನಾವಣೆಯ ವರ್ಷ ರಾಜ್ಯೋತ್ಸವದಲ್ಲಿ ಒಬ್ಬರಿಗೆ ಅಭ್ಯರ್ಥಿಯಾಗಿ ಮಾತಾಡಲು ಮೈಕು ಕೊಡುವುದಾದರೆ ಎದುರಾಳಿಗೂ ಅಷ್ಟೇ ಅವಕಾಶ ಕೊಡಬೇಕು, ಚಂದಾ ಎತ್ತಬಾರದು. ಅಭ್ಯರ್ಥಿಯ ಅಡ್ಡಹೆಸರು ಜಾನ್ಸನ್ ಆಗಿದ್ದರೂ ಸರಿ, ನಮ್ಮೂರಿನದೇ ಆಗಿದ್ದರೂ ಸರಿ.