ಸತ್ಯಾಂಶ: ಎರಡು ಆಂಟಿವೈರಸ್ ಹಾಕಿದರೆ ಡಬಲ್ ರಕ್ಷಣೆಯೇ?

"ಎರಡು ಮೂರು ಆಂಟಿವೈರಸ್ ಹಾಕಿ, ಯಾವ ವೈರಸ್ಸೂ ಬರಲ್ಲ" ಎಂಬ ಸಂದೇಶ ಕೊಡಗಿನ ಹೋಂಸ್ಟೇ, ಕಾಫಿ ಬೆಳೆಗಾರರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಸದಾ ಕಾವಲಿರುವ ಎರಡು ಆಂಟಿವೈರಸ್‌ಗಳು ಒಂದೇ ಫೈಲಿಗೆ ಒಟ್ಟಿಗೆ ಕೈಹಾಕಿ ಒಂದಕ್ಕೊಂದು ಅಡ್ಡ ಬರುತ್ತವೆ. ಕಂಪ್ಯೂಟರ್ ಸುಮ್ನೆ ನಿಧಾನವಾಗುತ್ತದೆ. ಅದಕ್ಕೇ ಬೇರೆ ಆಂಟಿವೈರಸ್ ಹಾಕಿದರೆ ವಿಂಡೋಸ್‌ನ ಡಿಫೆಂಡರ್ (ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್) ಸಾಮಾನ್ಯವಾಗಿ ತಾನೇ ಹಿಂದೆ ಸರಿಯುತ್ತದೆ.

ಪದರ ಪದರವಾಗಿ ರಕ್ಷಣೆ ಬೇಕು, ನಿಜ. ಆದರೆ ಪ್ರತಿ ಪದರದ ಕೆಲಸ ಬೇರೆಯಿರಬೇಕು ಅಲ್ವಾ? ಆಂಟಿವೈರಸ್ ಒಂದೇ ಸಾಕು. ಫೈರ್‌ವಾಲ್ (ನೆಟ್ ಮೂಲಕ ಬರುವ ಬೇಡದ ಸಂಪರ್ಕಗಳನ್ನು ತಡೆಯುವ ವ್ಯವಸ್ಥೆ) ಆನ್ ಇರಲಿ, ಅಪ್‌ಡೇಟ್ ತಪ್ಪಿಸಬೇಡಿ. ವಿಂಡೋಸ್ 10ರ ಮಾಮೂಲಿ ಬೆಂಬಲ, ಅಂದರೆ ಮಾಮೂಲಿ ಅಪ್‌ಡೇಟ್ ಕೊಡುವುದು, 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ.

ನನ್ನ ಪ್ರಕಾರ ಜಾಸ್ತಿ ಮುಖ್ಯವಾದದ್ದು ಬ್ಯಾಕಪ್. ತೋಟದ ಲೆಕ್ಕ, ಬುಕಿಂಗ್ ವಿವರಗಳನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ಕೂಡಲೇ ಕೇಬಲ್ ತೆಗೆದಿಡಿ. ಸಿಕ್ಕಿಸಿಯೇ ಬಿಟ್ಟರೆ, ಫೈಲುಗಳನ್ನು ಲಾಕ್ ಮಾಡಿ ಹಣ ಕೇಳುವ ರ್‍ಯಾನ್ಸಮ್‌ವೇರ್ ಆ ಡಿಸ್ಕ್‌ನ ಫೈಲುಗಳನ್ನೂ ಲಾಕ್ ಮಾಡಬಲ್ಲದು.